ಕುದುರೆಗೆ ಮದ್ದು, ತರಬೇತುದಾರನಿಗೆ ಶಿಕ್ಷೆ: ಏಕೆ?

ಚರ್ಚಾ ಕಾರ್ಯಕ್ರಮದ ಚಿತ್ರೀಕರಣ ಮುಗಿದು, ಸ್ಟುಡಿಯೋದ ದೀಪಗಳು ಆರಿದ ಮೇಲೆಯೇ ಒಳ್ಳೆಯ ಪ್ರಶ್ನೆಗಳು ಬರುವುದು ವಾಡಿಕೆ. ಕ್ರೀಡೆಯಲ್ಲಿ ಉದ್ದೀಪನ ಮದ್ದುಗಳ ಬಳಕೆ ಕುರಿತ ಮಾತುಕತೆ ಮುಗಿಸಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಓಟಗಾರ ಮದ್ದು ತೆಗೆದುಕೊಂಡರೆ ಅವನನ್ನು ನಿಷೇಧಿಸುತ್ತಾರೆ. ಕುದುರೆ ತಾನಾಗಿ ಮದ್ದು ತಿನ್ನುವುದಿಲ್ಲವಲ್ಲ? ಕೊಟ್ಟವರು ಯಾರೆಂದೇ ಗೊತ್ತಾಗದಿದ್ದರೆ ಶಿಕ್ಷೆ ಯಾರಿಗೆ?”

ತರಬೇತುದಾರನಿಗೆ ಎಂದೆ. “ಅವನು ಕೊಟ್ಟಿಲ್ಲದಿದ್ದರೂ?” ಎಂದಳು. ಹೌದು, ಬಹುಮಟ್ಟಿಗೆ ಆಗಲೂ ಅವನಿಗೇ. ಅವಳಿಗೆ ಅದು ಅನ್ಯಾಯವಾಗಿ ಕಂಡಿತು. ನಿಂತ ನಿಲುವಿನಲ್ಲಿ ಅಷ್ಟಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ. ಅಂದು ಬಾಕಿ ಉಳಿದ ಉತ್ತರವನ್ನು ಈ ಪುಟದಲ್ಲಿ ಕೊಡುತ್ತಿದ್ದೇನೆ.

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಚರ್ಚಿಲ್ ಡೌನ್ಸ್ ಎಂಬ ಮೈದಾನವಿದೆ. ಅಲ್ಲಿ ಪ್ರತಿ ವರ್ಷ ನಡೆಯುವ ಕೆಂಟಕಿ ಡರ್ಬಿ ಆ ದೇಶದ ಅತಿ ಪ್ರಸಿದ್ಧ ಕುದುರೆ ಓಟ. ದೂರ ಸುಮಾರು ಎರಡು ಕಿಲೋಮೀಟರು, ಹಿಡಿಯುವ ಸಮಯ ಎರಡು ನಿಮಿಷದ ಆಸುಪಾಸು. 2021ರ ಮೇ 1ರಂದು ಈ ಓಟವನ್ನು ಮೆದೀನಾ ಸ್ಪಿರಿಟ್ ಎಂಬ ಕುದುರೆ ಗೆದ್ದಿತು. ಮರಿಯಾಗಿದ್ದಾಗ ಕೇವಲ ಒಂದು ಸಾವಿರ ಡಾಲರಿಗೆ ಮಾರಾಟವಾಗಿದ್ದ ಕುದುರೆ ಅದು. ಅದರ ತರಬೇತುದಾರ ಬಾಬ್ ಬ್ಯಾಫರ್ಟ್, ಅಮೆರಿಕದ ಕುದುರೆ ಓಟದಲ್ಲಿ ಎಲ್ಲರಿಗೂ ಪರಿಚಿತವಾದ ಹೆಸರು.

ಓಟ ಮುಗಿದ ಕೂಡಲೇ, ನಿಯಮದಂತೆ, ಗೆದ್ದ ಕುದುರೆಯ ರಕ್ತ ಮತ್ತು ಮೂತ್ರದ ಮಾದರಿ ತೆಗೆದರು. ಇಂಥ ಮಾದರಿಯನ್ನು ಎರಡು ಪಾಲು ಮಾಡಿ ಮೊಹರು ಹಾಕುತ್ತಾರೆ. ಮೊದಲ ಪಾಲಿನಲ್ಲಿ ಏನಾದರೂ ಕಂಡುಬಂದರೆ ತರಬೇತುದಾರ ಎರಡನೆಯ ಪಾಲನ್ನು ಬೇರೊಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವಂತೆ ಕೇಳಬಹುದು. ಮೆದೀನಾ ಸ್ಪಿರಿಟ್‌ನ ರಕ್ತದಲ್ಲಿ ಬೀಟಾಮೆಥಾಸೋನ್ ಎಂಬ ಔಷಧಿ ಕಂಡುಬಂದಿತು. ಪ್ರಮಾಣ ಒಂದು ಮಿಲಿಲೀಟರಿಗೆ 21 ಪಿಕೋಗ್ರಾಂ. ಎರಡನೆಯ ಪಾಲಿನಲ್ಲೂ ಅದೇ ಔಷಧಿ ಇತ್ತು.

ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗ. ಇದು ಮನಸ್ಸಿಗೆ ಹಿಡಿಯುವ ಅಳತೆಯಲ್ಲ. ಹೀಗೆ ಲೆಕ್ಕ ಹಾಕೋಣ. ಒಲಿಂಪಿಕ್ ಅಳತೆಯ ಈಜುಕೊಳದಲ್ಲಿ ಸುಮಾರು 25 ಲಕ್ಷ ಲೀಟರ್ ನೀರಿರುತ್ತದೆ. ಅಷ್ಟೂ ನೀರನ್ನು ಮಿಲಿಲೀಟರಿಗೆ 21 ಪಿಕೋಗ್ರಾಂ ಮಟ್ಟಕ್ಕೆ ತರಲು ಬೇಕಾಗುವ ಔಷಧಿ ಸುಮಾರು 50 ಮಿಲಿಗ್ರಾಂ, ಅಂದರೆ ಎರಡು ಮೂರು ಅಕ್ಕಿಕಾಳಿನ ತೂಕ. ಕ್ರೊಮಟೋಗ್ರಫಿಯಿಂದ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಣುಗಳನ್ನು ಒಡೆದು, ಆ ಚೂರುಗಳ ತೂಕದಿಂದ ಮೂಲವಸ್ತುವನ್ನು ಗುರುತಿಸುವ ವಿಧಾನ ಇಷ್ಟು ಸೂಕ್ಷ್ಮವಾಗಿದೆ.

“ಇಷ್ಟು ಕಡಿಮೆ ಔಷಧಿಯಿಂದ ಕುದುರೆ ಹೇಗೆ ಗೆಲ್ಲುತ್ತದೆ?” ಎಂದು ನೀವು ಕೇಳಬಹುದು. ಬ್ಯಾಫರ್ಟ್ ಕಡೆಯವರೂ ಇದನ್ನೇ ಕೇಳಿದರು. ಆದರೆ ಪ್ರಶ್ನೆ ಅದಲ್ಲ. ಬೀಟಾಮೆಥಾಸೋನ್ ಓಟದ ವೇಗ ಹೆಚ್ಚಿಸುವ ಉತ್ತೇಜಕವೇ ಅಲ್ಲ. ಅದು ಕಾರ್ಟಿಕೋಸ್ಟೀರಾಯ್ಡ್ ಗುಂಪಿಗೆ ಸೇರಿದ, ಉರಿಯೂತ ತಗ್ಗಿಸುವ ಔಷಧಿ. (ಮಾಂಸಖಂಡ ಬೆಳೆಸುವ ಅನಾಬಾಲಿಕ್ ಸ್ಟೀರಾಯ್ಡ್‌ಗಳೇ ಬೇರೆ. ಹೆಸರಿನ ಬಾಲ ಒಂದೇ ಆದದ್ದರಿಂದ ಪತ್ರಿಕೆಗಳಲ್ಲಿ ಎರಡೂ ಕಲಸಿಹೋಗುತ್ತವೆ.) ಪಶುವೈದ್ಯರು ಇದನ್ನು ನೊಂದ ಕೀಲುಗಳಿಗೆ ಚುಚ್ಚುಮದ್ದಾಗಿ ಕೊಡುತ್ತಾರೆ. ಚಿಕಿತ್ಸೆಗೆ ಅನುಮತಿಯೂ ಇದೆ. ಆದರೆ ಓಟದ ದಿನ ರಕ್ತದಲ್ಲಿ ಅದರ ಸುಳಿವೂ ಇರಬಾರದೆಂಬುದು ಆಗಿನ ಕೆಂಟಕಿಯ ನಿಯಮ.

ಇದಕ್ಕೆ ಕಾರಣ ಕುದುರೆಯ ಕಾಲಿನಲ್ಲಿದೆ. ಸುಮಾರು 500 ಕಿಲೋ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಗಾಲೋಟದಲ್ಲಿರುವಾಗ ಒಂದು ಕ್ಷಣ ಒಂದೇ ಮುಂಗಾಲು ನೆಲದ ಮೇಲಿರುತ್ತದೆ. ಆಗ ಅದರ ಮೇಲೆ ಬೀಳುವ ಭಾರ ದೇಹದ ತೂಕದ ಎರಡೂವರೆ ಪಟ್ಟು, ಅಂದರೆ ಒಂದು ಟನ್ನಿಗೂ ಮಿಕ್ಕಿ. ಆ ಕಾಲಿನ ಕೆಳಭಾಗದಲ್ಲಿರುವುದು ಹೆಚ್ಚಾಗಿ ಎಲುಬು ಮತ್ತು ಸ್ನಾಯುರಜ್ಜು. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿದ್ದರೆ ನೋವು ಕುದುರೆಯನ್ನು ತಡೆಯುತ್ತದೆ. ಅದು ಕುಂಟುತ್ತದೆ, ವೈದ್ಯರ ಕಣ್ಣಿಗೆ ಬೀಳುತ್ತದೆ. ಆ ನೋವನ್ನು ಔಷಧಿ ಮರೆಮಾಡಿದರೆ ಕುದುರೆ ಓಡುತ್ತದೆ, ಬಿರುಕು ಮುರಿತವಾಗುತ್ತದೆ. ಬಿದ್ದದ್ದು ಕುದುರೆ ಮಾತ್ರವಲ್ಲ, ಬೆನ್ನ ಮೇಲಿನ ಜಾಕಿ, ಹಿಂದೆ ಬರುತ್ತಿರುವ ಇತರ ಜಾಕಿಗಳು. ಹೀಗಾಗಿ ಓಟದ ಮಂಡಳಿಗಳು ಉತ್ತೇಜಕಗಳಿಗೆ ಹೆದರುವಷ್ಟೇ ನೋವು ನಿವಾರಕಗಳಿಗೂ ಹೆದರುತ್ತವೆ. 1968ರ ಡರ್ಬಿಯಲ್ಲಿ ಮೊದಲು ಬಂದ ಡಾನ್ಸರ್ಸ್ ಇಮೇಜ್ ಬಹುಮಾನ ಕಳೆದುಕೊಂಡದ್ದೂ ಫಿನೈಲ್‌ಬ್ಯುಟಜೋನ್ ಎಂಬ ನೋವು ನಿವಾರಕದಿಂದ. ಅದರ ತರಬೇತುದಾರನಿಗೆ ಆಗ ಸಿಕ್ಕಿದ್ದು 30 ದಿನಗಳ ಅಮಾನತು.

ಮತ್ತೆ ಮೆದೀನಾ ಸ್ಪಿರಿಟ್‌ಗೆ ಬರೋಣ. ಮೊದಲು ಬ್ಯಾಫರ್ಟ್, ಕುದುರೆಗೆ ಆ ಔಷಧಿಯನ್ನು ಕೊಟ್ಟೇ ಇಲ್ಲ ಎಂದರು. ಎರಡು ದಿನಗಳಲ್ಲಿ, ಚರ್ಮದ ಗುಳ್ಳೆಗಳಿಗೆ ಹಚ್ಚಿದ ಮುಲಾಮಿನಲ್ಲಿ ಅದಿತ್ತೆಂದು ತಿಳಿಸಿದರು. ವಕೀಲರ ವಾದ ರಸಾಯನ ಶಾಸ್ತ್ರ ಓದಿದವರಿಗೆ ಸ್ವಾರಸ್ಯಕರವಾಗಿದೆ. ಚುಚ್ಚುಮದ್ದಿನಲ್ಲಿರುವುದು ಬೀಟಾಮೆಥಾಸೋನ್ ಅಸಿಟೇಟ್, ಮುಲಾಮಿನಲ್ಲಿರುವುದು ಬೀಟಾಮೆಥಾಸೋನ್ ವ್ಯಾಲರೇಟ್. ಮೂತ್ರದಲ್ಲಿ ಸಿಕ್ಕಿದ್ದು ಎರಡನೆಯದು. ಆದ್ದರಿಂದ ಕೀಲಿಗೆ ಚುಚ್ಚಿಲ್ಲ, ತಪ್ಪಿಲ್ಲ ಎಂಬುದು ಅವರ ನಿಲುವು. ಅಧಿಕಾರಿಗಳು ಒಪ್ಪಲಿಲ್ಲ. ನಿಯಮ ಹೇಳುವುದು ಬೀಟಾಮೆಥಾಸೋನ್ ಇರಬಾರದೆಂದು. ಅದು ಯಾವ ಬಾಗಿಲಿನಿಂದ ಬಂತು ಎಂಬುದನ್ನು ಕೇಳುವುದಿಲ್ಲ. 2022ರ ಫೆಬ್ರವರಿಯಲ್ಲಿ ಗೆಲುವು ರದ್ದಾಯಿತು. ಎರಡನೆಯದಾಗಿ ಬಂದಿದ್ದ ಮ್ಯಾಂಡಲೂನ್ ವಿಜೇತ ಎಂದು ಘೋಷಿತವಾಯಿತು. ಬ್ಯಾಫರ್ಟ್‌ಗೆ 90 ದಿನಗಳ ಅಮಾನತು, 7,500 ಡಾಲರ್ ದಂಡ. ಇದಲ್ಲದೆ ಚರ್ಚಿಲ್ ಡೌನ್ಸ್ ಸಂಸ್ಥೆ 2021ರ ಜೂನ್‌ನಲ್ಲೇ ತನ್ನ ಮೈದಾನಗಳಿಂದ ಅವರನ್ನು ಎರಡು ವರ್ಷ ಹೊರಗಿಟ್ಟಿತ್ತು. ಆಮೇಲೆ ಆ ಅವಧಿಯನ್ನು ವಿಸ್ತರಿಸಿತು.

ಇಲ್ಲಿ ಕೆಲಸ ಮಾಡುವ ತತ್ತ್ವವೇ ಸಂಪೂರ್ಣ ಹೊಣೆಗಾರಿಕೆ. ಹೋಟೆಲಿನ ಸಾಂಬಾರಿನಲ್ಲಿ ಹಲ್ಲಿ ಸಿಕ್ಕಿದರೆ “ನಾನು ಹಾಕಿಲ್ಲ” ಎಂದು ಮಾಲೀಕ ಪಾರಾಗಲಾರ. ಹಲ್ಲಿ ಬೀಳದಂತೆ ನೋಡಿಕೊಳ್ಳುವುದು ಅವನ ಕೆಲಸ. ಲಾಯದಲ್ಲಿ ಯಾರು ಬರುತ್ತಾರೆ, ಯಾವ ಮೇವು, ಯಾವ ಮುಲಾಮು ಎಂಬುದೆಲ್ಲ ತರಬೇತುದಾರನ ಹತೋಟಿಯಲ್ಲಿರುತ್ತದೆ. ಉದ್ದೇಶವನ್ನು ಸಾಬೀತುಪಡಿಸಿದರೆ ಮಾತ್ರ ಶಿಕ್ಷೆ ಎಂದು ಇಟ್ಟುಕೊಂಡರೆ, ರಾತ್ರಿ ಲಾಯದಲ್ಲಿ ನಡೆದದ್ದಕ್ಕೆ ಸಾಕ್ಷಿ ಹೇಳಬಲ್ಲ ಒಂದೇ ಜೀವಿಗೆ ಮಾತು ಬರುವುದಿಲ್ಲ.

ಹಾಗೆಂದು ಈ ನಿಯಮ ಕಣ್ಣು ಮುಚ್ಚಿ ಏಟು ಹಾಕುವುದಿಲ್ಲ. 2014ರಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರ ಕುದುರೆ ಎಸ್ಟಿಮೇಟ್‌ನ ಮಾದರಿಯಲ್ಲಿ ಮಾರ್ಫೀನ್ ಸಿಕ್ಕಿತು! ಮಾರ್ಫೀನ್ ಬರುವುದು ಗಸಗಸೆ ಗಿಡದಿಂದ. ಕಲಬೆರಕೆಯಾದ ಮೇವೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ಎಸ್ಟಿಮೇಟ್ ಗಳಿಸಿದ್ದ ಎರಡನೇ ಸ್ಥಾನ ಹೋಯಿತು, ತರಬೇತುದಾರನಿಗೆ ಮಾತ್ರ ಶಿಕ್ಷೆಯಾಗಲಿಲ್ಲ. ಕುದುರೆಯ ಫಲಿತಾಂಶ ಬೇರೆ, ಮನುಷ್ಯನ ತಪ್ಪು ಬೇರೆ ಎಂಬ ಈ ವಿಂಗಡಣೆ ನನಗೆ ಸರಿಯೆನಿಸುತ್ತದೆ. ಇನ್ನೂ ವಿಚಿತ್ರವಾದದ್ದು 1967ರ ಹಿಲ್ ಹೌಸ್ ಪ್ರಕರಣ. ಆ ಕುದುರೆಯಲ್ಲಿ ಕಂಡ ಕಾರ್ಟಿಸಾಲ್ ಹೊರಗಿನದಲ್ಲ, ಅದರ ದೇಹವೇ ತಯಾರಿಸಿಕೊಂಡದ್ದು ಎಂದು ತಿಂಗಳುಗಟ್ಟಲೆ ಪರೀಕ್ಷೆಯ ನಂತರ ಗೊತ್ತಾಯಿತು. ದೇಹದಲ್ಲಿ ಸಹಜವಾಗಿಯೇ ಇರುವ ವಸ್ತುಗಳಿಗೆ “ಇರಲೇಬಾರದು” ಎನ್ನದೆ “ಇಷ್ಟಕ್ಕಿಂತ ಮೀರಬಾರದು” ಎಂಬ ಮಿತಿ ಇರುವುದು ಇದಕ್ಕೇ.

ಇನ್ನೊಂದು ತುದಿಯಲ್ಲಿ ಉದ್ದೇಶಪೂರ್ವಕ ಮೋಸವಿದೆ. ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ, ದುಬೈ ದೊರೆ ಶೇಖ್ ಮೊಹಮ್ಮದರ ಗೊಡಾಲ್ಫಿನ್ ಲಾಯದ ತರಬೇತುದಾರ ಮಹಮೂದ್ ಅಲ್ ಜರೂನಿ ಕುದುರೆಗಳಿಗೆ ಅನಾಬಾಲಿಕ್ ಸ್ಟೀರಾಯ್ಡ್ ಕೊಡಿಸಿದ್ದು 2013ರ ಏಪ್ರಿಲ್‌ನಲ್ಲಿ ಬಯಲಾಯಿತು. ಅಧಿಕಾರಿಗಳು ಓಟದ ದಿನಕ್ಕೆ ಕಾಯದೆ ನೇರ ಲಾಯಕ್ಕೇ ಹೋಗಿ 45 ಕುದುರೆಗಳ ಮಾದರಿ ತೆಗೆದರು. 11ರಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಅವನಿಗೆ ಎಂಟು ವರ್ಷಗಳ ನಿಷೇಧವಾಯಿತು. ಕುದುರೆಗಳೂ ಆರು ತಿಂಗಳು ಓಡುವಂತಿರಲಿಲ್ಲ. ಅಮೆರಿಕದಲ್ಲಿ ಹಾರ್ಹೆ ನವಾರೊ ಎಂಬ ತರಬೇತುದಾರ 2021ರಲ್ಲಿ ಐದು ವರ್ಷಗಳ ಸೆರೆವಾಸಕ್ಕೇ ಗುರಿಯಾದ.

ಅಮೆರಿಕದಲ್ಲಿ ಬಹುಕಾಲ ರಾಜ್ಯಕ್ಕೊಂದು ನಿಯಮವಿತ್ತು. 2023ರ ಮೇ ತಿಂಗಳಿಂದ ರಾಷ್ಟ್ರಮಟ್ಟದ ಮದ್ದು ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿದೆ. ಅದು ಎಂದೂ ಕೊಡಬಾರದ ವಸ್ತುಗಳನ್ನೂ, ಚಿಕಿತ್ಸೆಗೆ ಕೊಡಬಹುದಾದರೂ ಓಟದ ವೇಳೆಗೆ ದೇಹದಿಂದ ಹೊರಹೋಗಿರಬೇಕಾದ ಔಷಧಿಗಳನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಮೊದಲನೆಯದಕ್ಕೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಅಮಾನತು ಆಗಬಹುದು.

ಅಮಾನತಾದ ತರಬೇತುದಾರನ ಕುದುರೆಗಳು ಬೇರೆಯವರ ಲಾಯಕ್ಕೆ ಹೋಗುತ್ತವೆ. ಮೈ ತಿಕ್ಕುವ, ಮೇವು ಹಾಕುವ ಕೆಲಸಗಾರರು ಹೊಸ ಯಜಮಾನನನ್ನು ಹುಡುಕಬೇಕಾಗುತ್ತದೆ. ಅವರ ಹೆಸರು ಯಾವ ಆದೇಶದಲ್ಲೂ ಇರುವುದಿಲ್ಲ. 2021ರ ಡರ್ಬಿಯಲ್ಲಿ ಮ್ಯಾಂಡಲೂನ್ ಮೇಲೆ ಹಣ ಕಟ್ಟಿದ್ದವರಿಗೂ ಒಂದು ಕಾಸು ಸಿಗಲಿಲ್ಲ. ಅಂದೇ ಹಣ ಹಂಚಿಯಾಗಿತ್ತು.

ಚರ್ಚಿಲ್ ಡೌನ್ಸ್ ತನ್ನ ನಿಷೇಧವನ್ನು ತೆಗೆದದ್ದು 2024ರ ಜುಲೈನಲ್ಲಿ, ಬ್ಯಾಫರ್ಟ್ ಹೊಣೆ ಒಪ್ಪಿಕೊಂಡ ನಂತರ. 2025ರಲ್ಲಿ ಅವರ ಕುದುರೆ ಮತ್ತೆ ಡರ್ಬಿಯಲ್ಲಿ ಓಡಿತು. ಮೆದೀನಾ ಸ್ಪಿರಿಟ್ ಮಾತ್ರ ತನ್ನ ಮೇಲಿನ ತೀರ್ಪು ಬರುವ ಮುನ್ನವೇ, 2021ರ ಡಿಸೆಂಬರ್ 6ರ ಬೆಳಿಗ್ಗೆ, ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ಮೈದಾನದಲ್ಲಿ ಅಭ್ಯಾಸದ ಓಟ ಮುಗಿಸಿ ಕುಸಿದು ಸತ್ತಿತ್ತು. ಶವಪರೀಕ್ಷೆಯಲ್ಲಿ ಸಾವಿಗೆ ಖಚಿತ ಕಾರಣ ಸಿಗಲಿಲ್ಲ.