ಲೈಟ್ ಹಾಕಿದರೆ ಗಾಡಿ ಯಾಕೆ ಆಫ್ ಆಗುತ್ತೆ?

ಕಳೆದ ತಿಂಗಳು ಬೆಳಗಿನ ಜಾವ ಟೊಮೆಟೊ ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೊರಟಿದ್ದೆ. ಎಲ್ಲಿ ನಿಲ್ಲಿಸಿದರೂ ನನ್ನ ಹಳೇ ಪೆಟ್ರೋಲ್ ವ್ಯಾನ್ ನಡುಗಿ ಆಫ್ ಆಗ್ತಿತ್ತು. ನಾಲ್ಕನೇ ಸಲ ಸ್ಟಾರ್ಟೇ ಆಗಲಿಲ್ಲ. ಬೇರೆ ಗಾಡಿಯಿಂದ ಕರೆಂಟ್ ತಗೊಂಡು ತಲುಪುವಷ್ಟರಲ್ಲಿ ಹರಾಜು ಮುಗಿದಿತ್ತು. ಕೇಳಿದ ರೇಟಿಗೆ ಕೊಟ್ಟು ಬಂದೆ. ಒಬ್ಬ ಮೆಕ್ಯಾನಿಕ್ "ಎಂಜಿನ್ ಕಂಪ್ಯೂಟರ್ ಹೋಗಿದೆ, ಹೊಸದು ಹಾಕಬೇಕು" ಅಂದರು. ಆದರೆ ಹಗಲಲ್ಲಿ ಗಾಡಿ ಚೆನ್ನಾಗೇ ಇರುತ್ತಲ್ಲ?

ಹಳೇ ಸೈಕಲ್ ಡೈನಮೋ ನೆನಪಿಸಿಕೊಳ್ಳಿ. ಟೈರಿಗೆ ಒತ್ತಿದ ಕೂಡಲೇ ಪೆಡಲ್ ಭಾರವಾಗುತ್ತಿತ್ತು. ಗಾಡಿಯ ಆಲ್ಟರ್ನೇಟರ್ ಕೂಡ ಹಾಗೇ. ಎಂಜಿನ್ನೇ ಬೆಲ್ಟ್ ಮೂಲಕ ಅದನ್ನು ತಿರುಗಿಸಬೇಕು. 55 ವ್ಯಾಟಿನ ಎರಡು ಹೆಡ್‌ಲೈಟ್, ನಾನು ಹಾಕಿಸಿದ್ದ ಅಂಥವೇ ಎರಡು ಫೋಕಸ್ ಲೈಟ್ ಸೇರಿದರೆ 220 ವ್ಯಾಟ್. ಆಲ್ಟರ್ನೇಟರಿನಲ್ಲಿ ಆಗುವ ನಷ್ಟವೂ ಸೇರಿ ಎಂಜಿನ್ ಮೇಲೆ ಸುಮಾರು ಅರ್ಧ ಹೆಚ್‌ಪಿ ಭಾರ ಬೀಳುತ್ತದೆ. ಓಡುವಾಗ ಇದು ಲೆಕ್ಕಕ್ಕಿಲ್ಲ, ಐಡ್ಲಿಂಗಿನಲ್ಲಿ ದೊಡ್ಡದೇ.

ಆಗ ಕಂಪ್ಯೂಟರ್ ಐಡಲ್ ವಾಲ್ವ್ ತೆರೆದು ಹೆಚ್ಚು ಗಾಳಿ ಬಿಡುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತದೆ. ಎಸಿ ಹಾಕಿದರೆ ಅದಕ್ಕೆ ಮುಂಚೆಯೇ ಸಿಗ್ನಲ್ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟಿಗೂ ಇದೆ. ಆದರೆ ನಾವು ಬ್ಯಾಟರಿಯಿಂದ ನೇರ ವೈರ್ ಎಳೆದು ಹಾಕಿಸಿದ ಲೈಟಿನ ಸುದ್ದಿ ಅದಕ್ಕೆ ಗೊತ್ತಾಗಲ್ಲ. ಆರ್‌ಪಿಎಂ ಬಿದ್ದ ಮೇಲಷ್ಟೇ ಎಚ್ಚರವಾಗುತ್ತದೆ. ಗಾಳಿ ದಾರಿ ಚೊಕ್ಕವಾಗಿದ್ದರೆ ಆಗಲೂ ಸುಧಾರಿಸಿಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಆ ದಾರಿ ಕಾರ್ಬನ್ ಕಟ್ಟಿಕೊಂಡಿತ್ತು. ಅರ್ಥ್ ವೈರ್ ತುಕ್ಕು ಹಿಡಿದು ಬ್ಯಾಟರಿಯೂ ಸರಿಯಾಗಿ ಚಾರ್ಜ್ ಆಗ್ತಿರಲಿಲ್ಲ.

ನೀವು ಹೀಗೆ ನೋಡಿ:

1. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು ಲೈಟ್, ಬ್ಲೋವರ್ ಒಂದೊಂದಾಗಿ ಹಾಕಿ. ಸದ್ದು ಕ್ಷಣ ತಗ್ಗಿ ಮತ್ತೆ ಏರಿದರೆ ಸರಿ. ತಗ್ಗಿಯೇ ಉಳಿದರೆ ದೋಷ ಇದೆ.
2. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬರಬೇಕು. ಎಲ್ಲಾ ಲೈಟ್ ಹಾಕಿದಾಗ 13ಕ್ಕಿಂತ ಇಳಿದರೆ ಬೆಲ್ಟ್, ಅರ್ಥ್, ಆಲ್ಟರ್ನೇಟರ್ ತೋರಿಸಿ.
3. ಥ್ರಾಟಲ್ ಬಾಡಿ, ಐಡಲ್ ವಾಲ್ವ್ ಕ್ಲೀನ್ ಮಾಡಿಸಿ.
4. ಹೆಚ್ಚುವರಿ ಲೈಟಿಗೆ ರಿಲೇ, ಫ್ಯೂಸ್ ಇರಲೇಬೇಕು. ನಿಂತಾಗ ಅವನ್ನು ಆರಿಸಿ.

ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವುದು ಬೇಡ. ಕಂಪ್ಯೂಟರ್ ಲೆಕ್ಕ ತಪ್ಪುತ್ತೆ, ರೋಗ ಒಳಗೇ ಉಳಿಯುತ್ತೆ. ತಿರುಗುವ ಬೆಲ್ಟಿನ ಹತ್ತಿರ ಟವೆಲ್, ಸೆರಗು ಹೋಗದಂತೆ ನೋಡಿಕೊಳ್ಳಿ.

ನನಗೆ ಕ್ಲೀನಿಂಗ್ ಮತ್ತು ಒಂದು ಹೊಸ ಅರ್ಥ್ ವೈರಿನಲ್ಲಿ ಕೆಲಸ ಮುಗೀತು. ಕಂಪ್ಯೂಟರ್ ಹಳೇದೇ ಇದೆ. ಇಷ್ಟೆಲ್ಲ ನೋಡಿದ ಮೇಲೆ ಮಾತ್ರ ಅದರ ಮೇಲೆ ಅನುಮಾನ ಪಡಿ.