ಕೂಲಿಗೆ ಕಡಲು ದಾಟುವ ಕಾಗದ

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದ ಮೇಲೆ ಸೀತಮ್ಮನ ಗುಡಿ, ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು. ಶಿವರಾತ್ರಿಗೆ ಇಲ್ಲಿ ಸೇರುವ ದನಗಳ ಜಾತ್ರೆಗೆ ಗಡಿಯಾಚೆಯ ಆಂಧ್ರದ ರೈತರೂ ಬರುತ್ತಾರೆ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಸೀಮೆ ಇದು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಬೋರ್‌ವೆಲ್ಲು, ಸಾಲ. ರಾಗಿ ಕುಯ್ಲು ಮುಗಿದ ಮೇಲೆ ಕೆಲಸ ಹುಡುಕಿಕೊಂಡು ಊರು ಬಿಡುವುದು ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಗೆ ಹೊಸದಲ್ಲ.

ಹೋಗುವ ದಾರಿಗಳು ಮಾತ್ರ ಬದಲಾಗಿವೆ. ಒಂದು ಕಾಲಕ್ಕೆ ದಕ್ಷಿಣದ ಕೆಜಿಎಫ್ ಚಿನ್ನದ ಗಣಿ ಕರೆಯುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಪಶ್ಚಿಮಕ್ಕೆ ಬೆಂಗಳೂರು. ಪೂರ್ವಕ್ಕೆ ನಂಗಲಿ ದಾಟಿ ಆಂಧ್ರದೊಳಕ್ಕೆ ಹೋದರೆ ರಾಯಚೋಟಿ, ರಾಜಂಪೇಟೆ, ಕಡಪ. ಆ ಸೀಮೆಯ ಎಷ್ಟೋ ಊರುಗಳ ಹೆಂಗಸರು ಗಂಡಸರು ದಶಕಗಳಿಂದ ಕುವೈತಿಗೆ ಮನೆಗೆಲಸಕ್ಕೆ, ಡ್ರೈವರ್ ಕೆಲಸಕ್ಕೆ ಹೋಗುತ್ತಿದ್ದಾರೆ. ಗಡಿಯಾಚೆ ನೆಂಟಸ್ತನ ಇರುವ ಮನೆಗಳಲ್ಲಿ ‘ಕುವೈತು’ ಎಂಬುದು ದೂರದ ಹೆಸರೇನಲ್ಲ.

ಹಾಗೆ ಹೊರಡುವವನಿಗೆ ಸರ್ಕಾರ ಹಾಕುವ ಮೊದಲ ಪ್ರಶ್ನೆ ಎಂಥ ಕೆಲಸ, ಎಷ್ಟು ಸಂಬಳ ಎಂಬುದಲ್ಲ. ‘ಎಸ್‌ಎಸ್‌ಎಲ್‌ಸಿ ಪಾಸಾ?’ ಎಂಬುದು. ಪಾಸಾಗಿದ್ದರೆ ಪಾಸ್‌ಪೋರ್ಟು ಸಾದಾ. ಇಲ್ಲದಿದ್ದರೆ, ಬೇರೆ ವಿನಾಯಿತಿ ಯಾವುದೂ ಸಿಗದಿದ್ದರೆ, ಅದರ ಮೇಲೆ ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’ ಎಂಬ ಒಕ್ಕಣೆ ಬೀಳುತ್ತದೆ. ಪಾಸ್‌ಪೋರ್ಟು ಏಜೆಂಟರ ಬಾಯಲ್ಲಿ ಇದು ‘ಇಸಿಆರ್’. ಇಸಿಆರ್ ಪಾಸ್‌ಪೋರ್ಟಿನವರು ಸೌದಿ, ಕುವೈತ್, ಯುಎಇ, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ, ಇರಾಕ್, ಸುಡಾನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ‘ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್’ ಎಂಬ ಅಧಿಕಾರಿಯ ಅನುಮತಿ ಬೇಕು. ಹತ್ತನೇ ಕ್ಲಾಸಿನ ಒಂದು ಪರೀಕ್ಷೆ, ಅದೂ ಗಣಿತದಲ್ಲೋ ಇಂಗ್ಲಿಷಿನಲ್ಲೋ ಹೋದ ಕೆಲವು ಅಂಕ, ಒಬ್ಬನ ಪ್ರಯಾಣದ ದಾರಿಯನ್ನೇ ಬೇರೆ ಮಾಡುತ್ತದೆ. ಈ ಏರ್ಪಾಡು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಹತ್ತಿರ ಹತ್ತಿರ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ನಿಂತ ಕಾಲ. ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. 1834ರ ನವೆಂಬರಿನಲ್ಲಿ ‘ಅಟ್ಲಾಸ್’ ಎಂಬ ಹಡಗು ಕಲ್ಕತ್ತೆಯಿಂದ 36 ಜನ ಕೂಲಿಗಳನ್ನು ಅಲ್ಲಿಗೆ ಮುಟ್ಟಿಸಿತು. ಹಿಂದೆಯೇ ಹಡಗುಗಳ ಸಾಲು. ಯಾರು ಹೋದರು, ಯಾರ ಮಾತು ನಂಬಿ ಹೋದರು, ಬದುಕಿ ಬಂದರೋ ಇಲ್ಲವೋ ಎಂದು ಕೇಳುವವರಿರಲಿಲ್ಲ. ಕಂಪನಿ ಸರ್ಕಾರ 1837ರಲ್ಲಿ ಮೊದಲ ಕಾಯ್ದೆ ತಂದಿತು. ಕೂಲಿಯೂ ಅವನನ್ನು ಕರೆದೊಯ್ಯುವ ಏಜೆಂಟನೂ ಸರ್ಕಾರಿ ಅಧಿಕಾರಿಯ ಮುಂದೆ ಹಾಜರಾಗಬೇಕು. ಕರಾರು ಬರಹದಲ್ಲಿರಬೇಕು. ಅವಧಿ ಐದು ವರ್ಷ. ಅದು ಮುಗಿದ ಮೇಲೆ ಹೊರಟ ಬಂದರಿಗೇ ವಾಪಸು ತಂದುಬಿಡಬೇಕು. ಹಡಗಿನಲ್ಲಿ ತಲೆಗಿಷ್ಟು ಜಾಗ, ಊಟ, ವೈದ್ಯರು ಇರಬೇಕು. ಅದೇ ವರ್ಷ ಈ ನಿಯಮ ಮದ್ರಾಸಿಗೂ ಬಂತು.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಆ ಕಾಗದಕ್ಕೆ ಗುರುತು ಹಾಕುವವನಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಮಾರಿಷಸ್ಸು ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ಮರುವರ್ಷವೇ ದೂರುಗಳ ಮಹಾಪೂರ. ಮೋಸದಿಂದ ಕರೆತಂದದ್ದು, ಕೂಡಿಹಾಕಿದ್ದು ಹೊರಬಿದ್ದು ಸರ್ಕಾರ ವಲಸೆಯನ್ನೇ ನಿಲ್ಲಿಸಿತು. ತೋಟದ ಮಾಲೀಕರ ಒತ್ತಡಕ್ಕೆ 1842ರಲ್ಲಿ ಮಾರಿಷಸ್ಸಿನ ಬಾಗಿಲು ಮತ್ತೆ ತೆರೆಯಿತು. ಆ ಕಾಲದಲ್ಲೇ ಬಂದರಿನಲ್ಲಿ ಹೊಸ ಹುದ್ದೆಯೊಂದು ಹುಟ್ಟಿತು. ಅದೇ ಪ್ರೊಟೆಕ್ಟರ್, ಅಂದರೆ ವಲಸೆಗಾರರ ರಕ್ಷಣಾಧಿಕಾರಿ. ಇವತ್ತು ಬೆಂಗಳೂರಿನಲ್ಲಿ ಕುಳಿತಿರುವ ಪ್ರೊಟೆಕ್ಟರರ ಕುರ್ಚಿಗೆ ಅಲ್ಲಿಂದ ವಂಶಾವಳಿ.

ನಮ್ಮ ಕಡೆಯವರಿಗೆ ಕಡಲೆಂದರೆ ಮದ್ರಾಸು. 1860ರ ಅಕ್ಟೋಬರಿನಲ್ಲಿ ‘ಟ್ರೂರೊ’ ಹಡಗು ಅಲ್ಲಿಂದ ಹೊರಟು ನವೆಂಬರ್ 16ಕ್ಕೆ ದಕ್ಷಿಣ ಆಫ್ರಿಕಾದ ನಟಾಲ್ ಮುಟ್ಟಿತು. ಅದರಲ್ಲಿದ್ದವರು 342 ಜನ. 1911ರ ಹೊತ್ತಿಗೆ ನಟಾಲಿಗೆ ಹೋದವರು ಒಂದೂವರೆ ಲಕ್ಷ ದಾಟಿದರು. ಅವರ ಊರುಪಟ್ಟಿಯಲ್ಲಿ ಉತ್ತರ ಆರ್ಕಾಟು ಮತ್ತೆ ಮತ್ತೆ ಬರುತ್ತದೆ, ಮೈಸೂರೂ ಇದೆ. ಚಿತ್ತೂರು ಆಗ ಉತ್ತರ ಆರ್ಕಾಟಿಗೇ ಸೇರಿತ್ತು. ಮುಳಬಾಗಿಲಿನಿಂದ ಒಂದು ಹಗಲು ನಡೆದರೆ ಆ ಜಿಲ್ಲೆ. ಆವನಿ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ, ಬ್ರಿಟಿಷ್ ಇಂಡಿಯಾದ ವಲಸೆ ಕಾಯ್ದೆ ಹಿಡಿಯುತ್ತಿದ್ದದ್ದು ಅದರ ಬಂದರಿನಲ್ಲಿ. ಸಂಸ್ಥಾನದ ಪ್ರಜೆಯೊಬ್ಬ ಮೇಸ್ತ್ರಿಯ ಬೆನ್ನು ಹತ್ತಿ ಊರು ಬಿಟ್ಟನೆಂದರೆ ಕಾನೂನು ಅವನ ಮುಖ ನೋಡುತ್ತಿದ್ದದ್ದು ಮದ್ರಾಸಿನ ಡಿಪೋದಲ್ಲಿ, ಹಡಗು ಹತ್ತುವ ಮುನ್ನ. ಅಷ್ಟರಲ್ಲಿ ಅವನು ಮುಂಗಡ ತಿಂದು ಮುಗಿಸಿರುತ್ತಿದ್ದ. ಹಿಂತಿರುಗುವ ಮಾತು ಎಲ್ಲಿಂದ ಬರಬೇಕು?

ಅದೇ ಉತ್ತರ ಆರ್ಕಾಟು, ಚಿತ್ತೂರಿನ ಬಡವರು ಇನ್ನೊಂದು ದಿಕ್ಕಿಗೂ ನಡೆದರು. 1880ರಿಂದ ಜಾನ್ ಟೇಲರ್ ಕಂಪನಿ ಕೋಲಾರದ ಗಣಿ ನಡೆಸತೊಡಗಿತು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ, ಇಟಲಿಯಿಂದ ಗಣಿ ಬಲ್ಲವರು ಬಂದರು. ಹೊರದೇಶದಿಂದ ನಮ್ಮ ಜಿಲ್ಲೆಗೆ ಕೆಲಸಕ್ಕೆ ಬಂದ ಅವರಿಗೆ ಬಂಗಲೆ, ಕ್ಲಬ್ಬು, ಒಳ್ಳೆಯ ಸಂಬಳ. ಆರ್ಕಾಟಿನಿಂದ ನಡೆದು ಬಂದವರಿಗೆ ತಟ್ಟಿಯ ಗುಡಿಸಲ ಸಾಲು, ಮೇಸ್ತ್ರಿಯ ಸಾಲ. ವಿದೇಶದಲ್ಲಿ ದುಡಿಯುವವನಿಗೆ ಒದಗುವ ಗೌರವ ಅವನ ಕೈಯಲ್ಲಿರುವ ಕರಾರಿನ ಬಲಕ್ಕೆ ತಕ್ಕಷ್ಟು ಎಂಬುದನ್ನು ಕೋಲಾರ ಜಿಲ್ಲೆ ತನ್ನ ನೆಲದಲ್ಲೇ ನೋಡಿದೆ.

ಕರಾರು ಕೂಲಿಯ ಪದ್ಧತಿಯ ವಿರುದ್ಧ ಗೋಪಾಲಕೃಷ್ಣ ಗೋಖಲೆ, ಗಾಂಧೀಜಿ, ಮದನಮೋಹನ ಮಾಳವೀಯ, ಸಿ.ಎಫ್. ಆಂಡ್ರೂಸ್ ದನಿಯೆತ್ತಿದರು. 1917ರಲ್ಲಿ ಅದು ನಿಂತಿತು. 1922ರ ಎಮಿಗ್ರೇಷನ್ ಕಾಯ್ದೆ, ಸರ್ಕಾರ ಒಪ್ಪಿದ ದೇಶಗಳಿಗಲ್ಲದೆ ಕುಶಲರಲ್ಲದ ಕೆಲಸಗಾರರು ಹೋಗುವಂತಿಲ್ಲ ಎಂದಿತು. ‘ಕುಶಲ’, ‘ಅಕುಶಲ’ ಎಂಬ ಗೆರೆ ಗಟ್ಟಿಯಾದದ್ದು ಅಲ್ಲಿ. ಇಂದಿನ ಹತ್ತನೇ ಕ್ಲಾಸಿನ ಗೆರೆ ಅದರ ಮೊಮ್ಮಗು.

ಆ ಕಾಯ್ದೆಗೆ ವಲಸೆಯೆಂದರೆ ಸಮುದ್ರ ಮಾರ್ಗವಾಗಿ ಹೊರಡುವುದು. 1973ರ ನಂತರ ಎಣ್ಣೆಯ ಬೆಲೆ ಏರಿ, ಕೊಲ್ಲಿಯ ಮರುಭೂಮಿಯಲ್ಲಿ ಊರುಗಳು ಎದ್ದು, ಜನ ವಿಮಾನ ಹತ್ತಿದರು. ಗಲ್ಲಿ ಗಲ್ಲಿಯಲ್ಲಿ ಏಜೆಂಟರು ಹುಟ್ಟಿಕೊಂಡರು. ಹೊಲ ಮಾರಿ ಕೊಟ್ಟ ದುಡ್ಡು, ಸುಳ್ಳು ವೀಸಾ, ಇಳಿದ ಮೇಲೆ ಬೇರೆಯೇ ಕೆಲಸ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಡೆಗೆ ಸಂಸತ್ತು ಹೊಸ ಎಮಿಗ್ರೇಷನ್ ಕಾಯ್ದೆ ಮಾಡಿತು, ಅದು 1983ರ ಡಿಸೆಂಬರ್ 30ರಿಂದ ಜಾರಿಗೆ ಬಂತು. ಇಂದಿಗೂ ನಮ್ಮನ್ನು ಆಳುತ್ತಿರುವುದು ಅದೇ. ನೋಂದಣಿಯಿಲ್ಲದೆ ಯಾರೂ ಜನರನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಕಳಿಸಿದರೆ ಎರಡು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಒಬ್ಬ ಹುಡುಗನಿಂದ ಲಕ್ಷಗಟ್ಟಲೆ ಕಿತ್ತುಕೊಳ್ಳುವವನಿಗೆ ಎರಡು ಸಾವಿರ ಒಂದು ಲೆಕ್ಕವೇ? ಈ ಅಂಕಿ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹಾಗಂತ ಕಾಯ್ದೆಯಲ್ಲಿ ಹುರುಳಿಲ್ಲವೆಂದಲ್ಲ. ಸರಿಯಾದ ದಾರಿಯಲ್ಲಿ ಹೋಗುವವನಿಗೆ ಅದು ನಿಜವಾಗಿ ಏನೋ ಕೊಡುತ್ತದೆ. ಮಾಲೀಕನ ಹೆಸರು, ಸಂಬಳ, ಅವಧಿ, ವಸತಿ ಬರೆದ ಕರಾರು ಇರಬೇಕು. ಕೆಲಸದ ವೀಸಾ ಇರಬೇಕು. 2003ರಲ್ಲಿ ಶುರುವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಿರಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲನಾದರೆ 10 ಲಕ್ಷದವರೆಗೆ ಪರಿಹಾರ. ಏಜೆಂಟು ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ತೆರಿಗೆ, ಅದಕ್ಕೆ ರಸೀದಿ. ಇಸಿಆರ್ ಪಾಸ್‌ಪೋರ್ಟಿನ ಹೆಂಗಸರು ಆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ 30 ವರ್ಷ ತುಂಬಿರಬೇಕು. 2014ರಿಂದ ಇದೆಲ್ಲ ‘ಇ-ಮೈಗ್ರೇಟ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತಿದೆ. ಏಜೆಂಟನ ನೋಂದಣಿ ನಿಜವೋ ಸುಳ್ಳೋ ಎಂದು ಅಲ್ಲೇ ನೋಡಬಹುದು. ಮುಳಬಾಗಿಲಿನ ಯಾವ ಸೈಬರ್ ಅಂಗಡಿಯಲ್ಲಾದರೂ ಐದು ನಿಮಿಷದ ಕೆಲಸ.

ಅವಮಾನದ ಪ್ರಶ್ನೆಯೂ ಒಂದಿದೆ. 2018ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ, ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಬೇರೆ ಪಾಸ್‌ಪೋರ್ಟು ಕೊಡುವುದಾಗಿ ಹೇಳಿತು. ಓದದವನನ್ನು ವಿಮಾನ ನಿಲ್ದಾಣದ ಸಾಲಿನಲ್ಲಿ ದೂರದಿಂದಲೇ ಗುರುತಿಸುವ ಹಾಗೆ! ವಿರೋಧ ಎದ್ದಿತು, ಕೇರಳದಲ್ಲಿ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ತಿಂಗಳು ಮುಗಿಯುವುದರೊಳಗೆ ಸಚಿವಾಲಯ ಹಿಂದೆ ಸರಿಯಿತು. ರಕ್ಷಣೆಗೆಂದು ಹುಟ್ಟಿದ ಗುರುತು ಕಳಂಕದ ಗುರುತಾಗಲು ಎಷ್ಟು ಹೊತ್ತು ಬೇಕು ಎಂಬುದು ಆ ತಿಂಗಳು ಗೊತ್ತಾಯಿತು.

ಇಷ್ಟು ಕಾಗದಗಳ ನಡುವೆಯೂ ದೊಡ್ಡ ಕಂಡಿಯೊಂದು ಉಳಿದಿದೆ. 2007ರ ಅಕ್ಟೋಬರ್ 1ರಿಂದ, ಕೆಲಸಕ್ಕಲ್ಲದೆ ಬೇರೆ ಕಾರಣಕ್ಕೆ ಹೋಗುವ ಇಸಿಆರ್‌ನವರಿಗೆ ಪ್ರೊಟೆಕ್ಟರರ ಅನುಮತಿ ಬೇಕಿಲ್ಲ. ಪಾಸ್‌ಪೋರ್ಟು, ವೀಸಾ, ವಾಪಸು ಟಿಕೆಟ್ ಇದ್ದರೆ ಸಾಕು. ನೆಂಟರ ಮನೆಗೆ, ಯಾತ್ರೆಗೆ ಹೋಗುವವರಿಗೆ ಇದು ನ್ಯಾಯವಾದದ್ದೇ. ಆದರೆ ಮೋಸದ ಏಜೆಂಟರು ನುಗ್ಗುವುದೂ ಇಲ್ಲೇ. ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸಿಕೊಡ್ತೀವಿ’ ಎನ್ನುತ್ತಾರೆ. ಹಾಗೆ ಹೋದವನಿಗೆ ಕರಾರಿಲ್ಲ, ವಿಮೆಯಿಲ್ಲ, ಇ-ಮೈಗ್ರೇಟಿನಲ್ಲಿ ಹೆಸರಿಲ್ಲ. ಪಟ್ಟಿಯಾಚೆಯ ದೇಶಗಳ ಕಥೆ ಇನ್ನೊಂದು. ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧದೊಳಗೆ ಸಿಕ್ಕಿಕೊಂಡದ್ದು 2024ರ ಫೆಬ್ರವರಿಯಲ್ಲಿ ಬಯಲಾಯಿತು. ರಷ್ಯಾ ಆ 18ರಲ್ಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹಕ್ಕಿಪಿಕ್ಕಿಗಳ ಪ್ರಸಂಗ. ಹಕ್ಕಿ ಹಿಡಿದು, ಬೇಟೆಯಾಡಿ ಬದುಕುತ್ತಿದ್ದ ಈ ಬುಡಕಟ್ಟಿನ ಕಸುಬಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೆರೆ ಎಳೆಯಿತು. ಕಾಡಿನ ಗಿಡಮೂಲಿಕೆ ಬಲ್ಲ ಅವರು ತಲೆಗೆ ಹಚ್ಚುವ ಎಣ್ಣೆ ಕಾಯಿಸಿ ಮಾರತೊಡಗಿದರು. ಮೈಸೂರು, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಹಕ್ಕಿಪಿಕ್ಕಿ ಕಾಲೊನಿಗಳಿಂದ ಆಫ್ರಿಕಾದ ಊರೂರಿಗೆ ಹೋಗಿ, ತಿಂಗಳುಗಟ್ಟಲೆ ವ್ಯಾಪಾರ ಮಾಡಿ ವಾಪಸು ಬರುವುದು ಅವರ ರೂಢಿ. ಕನ್ನಡ ನಾಡಿನಿಂದ ಹೊರದೇಶಕ್ಕೆ ಹೋಗಿಬಂದು ಮಾಡುವ ದುಡಿಮೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕದನ ಹತ್ತಿದಾಗ ಅಲ್-ಫಾಶಿರ್ ಊರಿನಲ್ಲಿ ಇವರಲ್ಲಿ ಹಲವರು ಊಟ ನೀರಿಲ್ಲದೆ ಸಿಕ್ಕಿಬಿದ್ದರು. ರಾಜ್ಯದ ಚುನಾವಣೆಯ ಕಾವಿನಲ್ಲಿ, ಅವರನ್ನು ಕರೆತರಬೇಕೆಂಬ ಸಿದ್ದರಾಮಯ್ಯನವರ ಟ್ವೀಟಿಗೆ ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರಿಸಿದ್ದು ಸುದ್ದಿಯಾಯಿತು. ‘ಆಪರೇಷನ್ ಕಾವೇರಿ’ಯಲ್ಲಿ, ಹೆಚ್ಚಾಗಿ ಪೋರ್ಟ್ ಸುಡಾನಿನಿಂದ ಜೆಡ್ಡಾ ಮೂಲಕ, ನೌಕೆಗಳಲ್ಲಿ ವಿಮಾನಗಳಲ್ಲಿ ಒಟ್ಟು 3,862 ಜನರನ್ನು ಸುಡಾನಿನಿಂದ ಹೊರತಂದರು.

ಸುಡಾನ್ ಆ 18 ದೇಶಗಳಲ್ಲಿ ಒಂದು. ಆದರೂ ಎಣ್ಣೆ ಬಾಟಲಿ ಹೊತ್ತು ಹೋಗುವ ಹಕ್ಕಿಪಿಕ್ಕಿ ಹೆಂಗಸು 1983ರ ಕಾಯ್ದೆಯ ಕಣ್ಣಿಗೆ ಬೀಳುವುದಿಲ್ಲ. ಅವಳಿಗೆ ಮಾಲೀಕನಿಲ್ಲ. ಮಾಲೀಕನಿಲ್ಲದ ಮೇಲೆ ಕರಾರಿಲ್ಲ, ಕರಾರಿಲ್ಲದ ಮೇಲೆ ಪ್ರೊಟೆಕ್ಟರರ ಮುಂದೆ ಇಡಲು ಏನೂ ಇಲ್ಲ. 1837ರಿಂದ ಇಲ್ಲಿಯವರೆಗೆ ನಮ್ಮ ವಲಸೆ ಕಾನೂನಿಗೆ ಗೊತ್ತಿರುವುದು ಒಬ್ಬನೇ ಮನುಷ್ಯ: ಇನ್ನೊಬ್ಬನ ಕೈಕೆಳಗೆ, ಗೊತ್ತಾದ ಅವಧಿಗೆ ದುಡಿಯಲು ಹೋಗುವವನು. ತನ್ನ ದುಡ್ಡಲ್ಲಿ ಹೋಗಿ, ತನ್ನ ಸರಕು ಮಾರಿ, ವಾಪಸು ಬರುವವರಿಗೆ ಅದರಲ್ಲಿ ಜಾಗವೇ ಇಲ್ಲ.

ಋತುಮಾನದ ಕೂಲಿಗೆಂದೇ ಬೇರೆ ದೇಶಗಳು ಮಾಡಿಕೊಂಡಿರುವ ನಿಯಮಗಳೂ ಇದೇ ಅಚ್ಚಿನವು. ಬ್ರಿಟನ್ನಿನ ಹಣ್ಣು, ತರಕಾರಿ ತೋಟಗಳ ವೀಸಾ ಆರು ತಿಂಗಳಿನದು, ಅಲ್ಲಿನ ಪ್ರಾಯೋಜಕ ಸಂಸ್ಥೆಯಿಲ್ಲದೆ ಅರ್ಜಿಯೇ ಇಲ್ಲ. ಯುರೋಪಿಯನ್ ಒಕ್ಕೂಟದ 2014ರ ನಿರ್ದೇಶನ ವರ್ಷಕ್ಕೆ ಐದರಿಂದ ಒಂಬತ್ತು ತಿಂಗಳ ಮಿತಿ ಹಾಕುತ್ತದೆ, ಕರಾರನ್ನೂ ಯೋಗ್ಯ ವಸತಿಯನ್ನೂ ಕೇಳುತ್ತದೆ. ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಕಿತ್ತು ಪಳಗಿದ ಕೈಗೆ ಅಲ್ಲಿಯ ಸೇಬು ಕೀಳುವುದು ಕಷ್ಟವಲ್ಲ, ಕಷ್ಟವೆಲ್ಲ ಆ ಕಾಗದ ಹೊಂದಿಸುವುದರಲ್ಲಿ.

1983ರ ಕಾಯ್ದೆಯನ್ನು ಬದಲಿಸಲು 2019ರಲ್ಲಿ ಒಂದು ಕರಡು ಬಂತು, 2021ರಲ್ಲಿ ಇನ್ನೊಂದು. 2025ರ ಅಕ್ಟೋಬರಿನಲ್ಲಿ ‘ಓವರ್‌ಸೀಸ್ ಮೊಬಿಲಿಟಿ’ ಮಸೂದೆಯ ಕರಡನ್ನು ಸಚಿವಾಲಯ ಜನರ ಅಭಿಪ್ರಾಯಕ್ಕೆ ಇಟ್ಟಿತು. ಹೊಸ ಕಾಯ್ದೆ ಬರುವಾಗ ಎರಡು ಸಾವಿರದ ದಂಡ ಹೋಗಲೇಬೇಕು. ಅದರ ಜತೆ ಮಾಲೀಕನಿಲ್ಲದೆ ದುಡಿಯಲು ಹೋಗುವವರೂ ತಾವಾಗಿ ಹೆಸರು ಬರೆಸಿ, ಅದೇ 275 ರೂಪಾಯಿಯ ವಿಮೆ ಪಡೆಯುವ ದಾರಿ ಬೇಕು. ಆ ನೋಂದಣಿ ಬೆಂಗಳೂರಿನ ಕಚೇರಿಯಲ್ಲಿ ಮಾತ್ರ ಉಳಿಯದೆ ಹಕ್ಕಿಪಿಕ್ಕಿಗಳ ಹುಣಸೂರು, ಚನ್ನಗಿರಿ, ನಮ್ಮ ಮುಳಬಾಗಿಲಿನ ತಾಲ್ಲೂಕು ಕಚೇರಿಗಳಲ್ಲಿ, ಕನ್ನಡದಲ್ಲಿ ಆಗಬೇಕು. ಹೊಲ ಅಡವಿಡುವ ಮುಂಚೆ ಊರವರು ಹೋಗುವುದು ತಾಲ್ಲೂಕು ಕಚೇರಿಗೆ. ಏಜೆಂಟನ ಹೆಸರು ನಿಜವೋ ಸುಳ್ಳೋ ಎಂದು ಹೇಳುವವರು ಆ ಹೊತ್ತಿಗೆ ಅಲ್ಲಿ ಇರಬೇಕು.