ಕೊಬ್ಬರಿ ಸೀಮೆಯಲ್ಲಿ ‘ನಗದು ಬೇಡ’ ಎಂದರೆ

ತಿಪಟೂರು ಮಂಡಿಯಲ್ಲಿ ಕೊಬ್ಬರಿಗೆ ಬೆಲೆ ಕಟ್ಟುವುದು ಇ-ಟೆಂಡರ್. ಆದರೆ ಆ ಕೊಬ್ಬರಿ ಮಂಡಿ ಮುಟ್ಟುವವರೆಗಿನ ಕೆಲಸವೆಲ್ಲ ನಡೆಯುವುದು ನೋಟಿನಲ್ಲೇ. ಕಾಯಿ ಕೆಡವುವವರು, ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಸುಲಿಯುವವರು, ಒಡೆಯುವವರು, ಮೂಟೆ ಹೊರುವ ಹಮಾಲರು ಸಂಜೆ ಕೂಲಿಯನ್ನು ಕೈಗೇ ಕೇಳುತ್ತಾರೆ. ಅದು ಮರುದಿನದ ಸಂತೆಯ ದುಡ್ಡು.

ಸರ್ಕಾರಕ್ಕೂ ಇದು ಗೊತ್ತಿದೆ. ವರ್ಷಕ್ಕೆ 1 ಕೋಟಿ ರೂಪಾಯಿಗಿಂತ ಹೆಚ್ಚು ನಗದು ತೆಗೆದರೆ ಶೇ 2ರಷ್ಟು ತೆರಿಗೆ ಮುರಿದುಕೊಳ್ಳುವ ನಿಯಮ 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಅದೇ ತಿಂಗಳು ಎಪಿಎಂಸಿ ವರ್ತಕರಿಗೂ ದಲ್ಲಾಲರಿಗೂ ವಿನಾಯಿತಿ ಕೊಡಬೇಕಾಯಿತು. ರೈತನಿಗೆ ಅಲ್ಲೇ ದುಡ್ಡು ಎಣಿಸಿಕೊಡಬೇಕಲ್ಲ!

ಹಾಗೆಂದು ದೊಡ್ಡ ಮೊತ್ತವನ್ನೂ ನೋಟಿನಲ್ಲೇ ಕೊಡಲಿ ಎಂದು ನಾನು ಹೇಳಲಾರೆ. ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದನ್ನು 2017ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ದರದಲ್ಲಿ 17 ಕ್ವಿಂಟಲ್ ಮಾರಿದರೇ ಮಿತಿ ದಾಟುತ್ತದೆ. ದಂಡ ಬೀಳುವುದು ಕೊಟ್ಟ ವರ್ತಕನ ಮೇಲಲ್ಲ, ಪಡೆದ ರೈತನ ಮೇಲೆ, ಅದೂ ಪಡೆದಷ್ಟೇ ಮೊತ್ತ. ಖಾತೆಗೆ ಬಂದ ಹಣಕ್ಕೆ ಲೆಕ್ಕವಿರುತ್ತದೆ, ರಸೀದಿಯಲ್ಲದ ಬಿಳಿ ಚೀಟಿಯಲ್ಲಿ ಮಾಡುವ ಕಡಿತಕ್ಕೆ ಎಡೆ ಕಡಿಮೆ. ಆದರೆ ಬಾಕಿಯಿರುವ ಬೆಳೆಸಾಲಕ್ಕೆ ಬ್ಯಾಂಕು ಅದನ್ನು ಮುರಿದುಕೊಂಡೀತೆಂಬ ಅಂಜಿಕೆ ತುರುವೇಕೆರೆಯ ರೈತನಿಗೂ ಇದೆ, ಚಿಕ್ಕನಾಯಕನಹಳ್ಳಿಯವನಿಗೂ ಇದೆ. ಪಹಣಿ ಇನ್ನೂ ಮಾವನ ಹೆಸರಿನಲ್ಲಿದ್ದರೆ, ತೋಟ ನೋಡಿಕೊಳ್ಳುವ ಸೊಸೆಗೆ ಬೆಂಬಲ ಬೆಲೆಯ ಹಣ ನೇರವಾಗಿ ಸಿಗುವುದೇ ಇಲ್ಲ.

ಅಂಗಡಿ, ಆಸ್ಪತ್ರೆ, ಬಸ್ಸಿನ ಮಾತು ಬೇರೆ. ಅಲ್ಲಿ ನಗದು ಬೇಡವೆಂದರೆ ಚಿಲ್ಲರೆಯ ಕಾಟ, ಖೋಟಾ ನೋಟಿನ ಭಯ, ಗಲ್ಲಾಪೆಟ್ಟಿಗೆಯ ಕಾವಲು ತಪ್ಪುತ್ತದೆಂಬ ವ್ಯಾಪಾರಿಯ ಮಾತು ನಿಜವೇ. ಆದರೆ 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕೈಕೊಟ್ಟಾಗ ವ್ಯಾಪಾರ ನಡೆಸಿದ್ದು ಇದೇ ನೋಟು. ಅದೇ ವರ್ಷದ ಜುಲೈನಲ್ಲಿ, ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಕೊಟ್ಟ ನೋಟಿಸಿಗೆ ಹೆದರಿ ಬೆಂಗಳೂರಿನ ಸಣ್ಣ ಅಂಗಡಿಗಳು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬೋರ್ಡು ಹಾಕಿದವು. ಆಗ ಪೇಚಾಡಿದವರು ಫೋನ್ ಇದ್ದವರು. ನಗದು ಬೇಡವೆಂದರೆ ಪೇಚಾಡುವವರು ಫೋನ್ ಇಲ್ಲದ ಅಜ್ಜಿ, ಕಾಯಿ ಸುಲಿಯುವ ಹೆಣ್ಣುಮಗಳು. ಎರಡೂ ತಪ್ಪೇ. ಎರಡನೆಯ ತಪ್ಪಿಗೆ ಮಾತ್ರ ಹಸಿವಿನ ಬೆಲೆ.

ನಗದನ್ನು ತೀರಾ ಕಡಿಮೆ ಬಳಸುವ ನಾರ್ವೆ ಕೂಡ 2024ರ ಅಕ್ಟೋಬರಿನಿಂದ ಅಂಗಡಿಗಳಲ್ಲಿ ನೋಟು ಕೊಡುವ ಗ್ರಾಹಕನ ಹಕ್ಕನ್ನು ಕಾನೂನಿನಲ್ಲಿ ಗಟ್ಟಿ ಮಾಡಿದೆ. ನಮ್ಮ ನೋಟಿಗೂ 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ ಬಲವಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕಿನ ಅಂಗಡಿಯವರಲ್ಲಿ, ಆಸ್ಪತ್ರೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ಕ್ಯೂಆರ್ ಕೋಡ್ ಇರಲಿ, ಗಲ್ಲಾಪೆಟ್ಟಿಗೆಯೂ ಇರಲಿ. ನೋಟು ಹಿಡಿದು ಬಂದವರನ್ನು ವಾಪಸು ಕಳಿಸಬೇಡಿ.